ಒಂದೇ ಕೂಗಿಗೆ ಓಗೊಡದ ಬಟನ್

‘ಆನೆ ಇಲ್ಲ, ಹೊರಡಿ’ ಎಂದು ನನ್ನ ದೀಪ ಹೇಳಿತು.

ಆನೆ ಅಲ್ಲೇ ನಿಂತಿತ್ತು.

ತಮಾಷೆಗೆ ಹೇಳುತ್ತಿಲ್ಲ. ಕಳೆದ ತಿಂಗಳು ಒಂದು ಬೆಳಿಗ್ಗೆ, ಏಳೂವರೆಯ ಹೊತ್ತಿಗೆ, ನಮ್ಮ ಪಕ್ಕದ ಎಸ್ಟೇಟಿನ ಹನ್ನೊಂದು ಜನ ಹೆಂಗಸರು ಗುಡ್ಡದ ಮೇಲಿನ ಹಸಿರು ದೀಪ ನೋಡಿಕೊಂಡು ಕಾಫಿ ಪಿಕ್ಕಿಂಗಿಗೆ ಹೊರಟರು. ಮುಂದೆ ಗೌರಿ, ಹಿಂದೆ ಉಳಿದವರು. ಕೆರೆ ದಾಟಿ ತಿರುವಿಗೆ ಬಂದರೆ ಎದುರಿಗೇ ಒಂಟಿ ಸಲಗ. ಬೈನೆ ಮರವೊಂದನ್ನು ಉರುಳಿಸಿಕೊಂಡು ಸಾವಕಾಶವಾಗಿ ತಿನ್ನುತ್ತಾ ನಿಂತಿದೆ.

ಯಾರಿಗೂ ಏನೂ ಆಗಲಿಲ್ಲ. ಅದು ತಿಂಡಿ ಬಿಟ್ಟು ಬರುವ ಮನಸ್ಸು ಮಾಡಲಿಲ್ಲ, ಅಷ್ಟೆ. ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಓಡಿದರು. ಗೌರಿಯ ಮೊಣಕಾಲು ತರಚಿತು, ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಓಡಿದವಳು ತನ್ನ ಮನೆಗೆ ಹೋಗಲಿಲ್ಲ. ಒಂದೇ ಚಪ್ಪಲಿಯಲ್ಲಿ ಸೀದಾ ನಮ್ಮ ಮನೆಯ ಬಾಗಿಲಿಗೆ ಬಂದಳು.

“ಟೀಚರಮ್ಮಾ, ನಿಮ್ಮ ಲೈಟು ಸುಳ್ಳು ಹೇಳ್ತದೆ.”

ಇಪ್ಪತ್ತೆಂಟು ವರ್ಷ ಪಾಠ ಹೇಳಿದ್ದೇನೆ. ಮಕ್ಕಳ ಕೈಯಲ್ಲಿ, ಪೋಷಕರ ಕೈಯಲ್ಲಿ, ಪ್ರಿನ್ಸಿಪಾಲರ ಕೈಯಲ್ಲಿ ಏನೇನೋ ಅನ್ನಿಸಿಕೊಂಡಿದ್ದೇನೆ. ಸುಳ್ಳು ಹೇಳುತ್ತೀರಿ ಎಂದು ಯಾರೂ ಅಂದಿರಲಿಲ್ಲ. ಕೈಯಲ್ಲಿದ್ದ ಕಾಫಿ ಲೋಟ ಹಾಗೇ ಕೆಳಗಿಟ್ಟೆ.

ಹೊಸದಾಗಿ ಈ ಅಂಕಣಕ್ಕೆ ಕಾಲಿಟ್ಟವರಿಗೆ ನಾಲ್ಕು ಮಾತು. ನಾವಿರುವುದು ತಿತಿಮತಿಯ ಹತ್ತಿರ, ಕಾಡಿನ ಅಂಚಿಗೆ. ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. (ಲೆಕ್ಚರರ್ ಅಂದರೂ ಇಲ್ಲಿನವರಿಗೆ ನಾನು ಟೀಚರಮ್ಮನೇ.) ತವರು ಮಡಿಕೇರಿ. ಅಜ್ಜ ದೇವಸ್ಥಾನದ ಅರ್ಚಕರು, ಅಪ್ಪ ಮೇಷ್ಟ್ರು. ಮದುವೆಯಾಗುವವರೆಗೂ ಆನೆ ಎಂದರೆ ನನಗೆ ಗಣಪತಿ. ಇಲ್ಲಿಗೆ ಬಂದ ಮೇಲೆ ಆನೆ ಎಂದರೆ ‘ಇವತ್ತು ಯಾವ ಕಡೆ ಉಂಟಂತೆ?’ ಎಂಬ ಪ್ರಶ್ನೆ. ಬೇರೆ ಊರಿನವರು ಎದ್ದ ಕೂಡಲೇ ಮಳೆ ಬರುತ್ತಾ ಎಂದು ನೋಡುತ್ತಾರೆ. ನಾವು ಆನೆ ಬಂದಿದೆಯಾ ಎಂದು ಕೇಳುತ್ತೇವೆ.

ಪಕ್ಕದ ಎಸ್ಟೇಟು ಪೂವಯ್ಯನವರದ್ದು. ಕಾಡಿಗೆ ತಾಗಿದ ಗುಡ್ಡದ ಮೇಲೆ, ಒಂದು ದೊಡ್ಡ ಮರದಲ್ಲಿ ಕಾವಲಿನ ಅಟ್ಟಣೆ ಇದೆ. ಅದರ ಮೇಲೆ ಕೂರುವವರು ದಾಸಣ್ಣ. ಅರವತ್ತು ದಾಟಿದೆ, ಕಣ್ಣು ಮಾತ್ರ ಇನ್ನೂ ಇಪ್ಪತ್ತರದ್ದು. ಕೆಳಗೆ ತಗ್ಗಿನಲ್ಲಿ ಲೈನು, ಅಂದರೆ ಕೆಲಸಗಾರರ ಮನೆಗಳ ಸಾಲು. ಆನೆ ಬಂದದ್ದು ದಾಸಣ್ಣನಿಗೆ ಕಾಣುತ್ತದೆ. ಅದನ್ನು ಲೈನಿನವರಿಗೆ ತಿಳಿಸುವುದು ಹೇಗೆ? ಮೊಬೈಲಿಗೆ ಅಲ್ಲಿ ಟವರ್ ಸಿಗುವುದಿಲ್ಲ. ಕೂಗಿದರೆ ಆನೆಗೆ ಕೇಳುತ್ತದೆ, ಗೌರಿಗೆ ಕೇಳುವುದಿಲ್ಲ. ಎಂಥಾ ವ್ಯವಸ್ಥೆ!

ಅದಕ್ಕೇ ನಾನೊಂದು ದೀಪ ಮಾಡಿಕೊಟ್ಟೆ. ಯಾರೂ ಕೇಳಿರಲಿಲ್ಲ. ಕಾಲೇಜಿನ ಮಕ್ಕಳಿಗೆ ಪ್ರಾಜೆಕ್ಟ್ ಹೇಳಿಕೊಡುತ್ತಾ ಹೇಳಿಕೊಡುತ್ತಾ ನನಗೇ ಹುಚ್ಚು ಹಿಡಿದಿತ್ತು. ಒಂದು ಮೈಕ್ರೋಕಂಟ್ರೋಲರ್ ಬೋರ್ಡ್ ತರಿಸಿಕೊಂಡೆ. ಹೆಸರು ಕೇಳಿ ಗಾಬರಿಯಾಗಬೇಡಿ. ಬೆಂಕಿಪೊಟ್ಟಣದಷ್ಟು ಬೋರ್ಡಿನ ಮೇಲೆ ಕೂತ ಪುಟಾಣಿ ಕಂಪ್ಯೂಟರ್ ಅದು. ನಿಮ್ಮ ವಾಷಿಂಗ್ ಮಷೀನಿನಲ್ಲೂ ಒಂದು ಇದೆ. ಹೇಳಿದ್ದಷ್ಟನ್ನೇ ಮಾಡುತ್ತದೆ. (ನಮ್ಮ ಮನೆಯಲ್ಲಿ ಹಾಗೆ ಮಾಡುವುದು ಅದೊಂದೇ.)

ಅಟ್ಟಣೆಯಲ್ಲಿ ಒಂದು ಬಟನ್. ಪಕ್ಕದ ಸಿಲ್ವರ್ ಓಕ್ ಮರದ ತುದಿಯಲ್ಲಿ ಲೈನಿಗೆ ಮಾತ್ರ ಕಾಣುವ ಹಾಗೆ ದೀಪ. ದಾಸಣ್ಣ ಬಟನ್ ಒಂದು ಸಲ ಒತ್ತಿದರೆ ಕೆಂಪು ದೀಪ ಒಂದೊಂದೇ ಸಲ ಮಿನುಗುತ್ತದೆ: ಒಂಟಿ ಆನೆ. ಎರಡು ಸಲ ಒತ್ತಿದರೆ ಎರಡೆರಡು ಸಲ ಮಿನುಗುತ್ತದೆ: ಹಿಂಡು. ಮೂರು ಸಲ ಒತ್ತಿದರೆ ಹಸಿರು: ಆನೆ ಇಲ್ಲ, ಹೊರಡಿ.

ಒಂದೇ ಬಟನ್ನಿನಲ್ಲಿ ಮೂರು ಸುದ್ದಿ! ನನ್ನ ಬುದ್ಧಿವಂತಿಕೆಗೆ ನಾನೇ ಮೂರು ದಿನ ಬೀಗಿದ್ದೆ. ಬಂದವರಿಗೆಲ್ಲ ತೋರಿಸಿದ್ದೆ. ಗ್ಯಾಸ್ ಸಿಲಿಂಡರ್ ತಂದವನಿಗೂ ತೋರಿಸಿದ್ದೆ.

ಹತ್ತು ದಿನ ಆನೆ ಬರಲಿಲ್ಲ, ದಿನಾ ಹಸಿರೇ; ಎಲ್ಲ ಚೆನ್ನಾಗಿಯೇ ನಡೆಯಿತು. ಹನ್ನೊಂದನೆಯ ದಿನ ಗೌರಿ ಒಂಟಿ ಚಪ್ಪಲಿಯಲ್ಲಿ ಬಂದಳು.

ಆಗ ನಾನು ಏನು ಮಾಡಿದೆ ಗೊತ್ತೇ? ಹೇಳಲು ನಾಚಿಕೆ. ನನ್ನ ದೀಪ ಸುಳ್ಳು ಹೇಳಲು ಸಾಧ್ಯವೇ ಇಲ್ಲ ಎಂದುಕೊಂಡು ಗುಡ್ಡ ಹತ್ತಿದೆ. ಅಟ್ಟಣೆಯ ಕೆಳಗೆ ನಿಂತು, ಏದುಸಿರು ಬಿಡುತ್ತಲೇ ಕೇಳಿದೆ: “ದಾಸಣ್ಣ, ಎಷ್ಟು ಸಲ ಒತ್ತಿದ್ರಿ?”

“ಒಂದೇ ಸಲ ಅಮ್ಮಾ. ಒಂಟಿ ಅಲ್ವಾ, ಒಂದೇ ಒತ್ತಿದ್ದು.”

“ಸರಿಯಾಗಿ ನೆನಪು ಮಾಡ್ಕೊಳ್ಳಿ. ಆನೆ ಕಂಡ ಗಾಬರಿಗೆ ಮೂರು ಒತ್ತಿರ್ಬೇಕು.”

ದಾಸಣ್ಣ ನಲವತ್ತು ವರ್ಷ ಆನೆ ನೋಡಿದ ಮನುಷ್ಯ. ಆನೆ ಕಂಡು ಗಾಬರಿಯಾಗಿದ್ದೀರಿ ಎಂದು ಅವರಿಗೆ ಹೇಳುತ್ತಿರುವವಳು ಯಾರು? ಹಲ್ಲಿ ಕಂಡರೆ ಮಂಚ ಹತ್ತುವ ನಾನು. ಅವರು ಬೀಡಿ ಹಚ್ಚಿ ಕಾಡಿನ ಕಡೆ ತಿರುಗಿ ಕೂತರು. “ಒಂದೇ ಒತ್ತಿದ್ದು,” ಎಂದು ಇನ್ನೊಮ್ಮೆ, ನನಗಲ್ಲ, ಮರಕ್ಕೆ ಹೇಳಿದ ಹಾಗೆ ಹೇಳಿದರು.

ಬಟನ್ನು, ಬೋರ್ಡು ಕಿತ್ತುಕೊಂಡು ಮನೆಗೆ ಬಂದೆ. ದಾಸಣ್ಣನ ತಪ್ಪು ಸಾಬೀತು ಮಾಡಿಯೇ ಬಿಡೋಣ ಎಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಪ್ರತಿ ಸಲ ಒತ್ತಿದಾಗಲೂ ಪರದೆಯ ಮೇಲೆ ಒಂದು ಸಾಲು ಬರುವ ಹಾಗೆ ಮಾಡಿ, ಒಂದೇ ಒಂದು ಸಲ ಒತ್ತಿದೆ.

ನಾಲ್ಕು ಸಾಲು ಬಂತು.

ಮತ್ತೆ ಒತ್ತಿದೆ. ಎರಡು. ಮತ್ತೆ. ಒಂದು. ಮತ್ತೆ. ಐದು!

ದಾಸಣ್ಣ ಸತ್ಯವನ್ನೇ ಹೇಳಿದ್ದರು. ಹನ್ನೊಂದು ಹೆಂಗಸರನ್ನು ಸಲಗದ ಎದುರಿಗೆ ಕಳಿಸಿದವಳು ನಾನು.

ಆದದ್ದು ಇಷ್ಟು. ಬಾಗಿಲನ್ನು ದಡಾರನೆ ಹಾಕಿದರೆ ಚಿಲಕ ಟಕಟಕ ಎಂದು ಕುಣಿದು ಆಮೇಲೆ ನಿಲ್ಲುತ್ತದಲ್ಲ? ಬಟನ್ನಿನ ಒಳಗೂ ಹಾಗೆಯೇ. ಒತ್ತಿದಾಗ ಒಂದು ಲೋಹದ ತಗಡು ಇನ್ನೊಂದಕ್ಕೆ ಬಡಿಯುತ್ತದೆ, ಪುಟಿಯುತ್ತದೆ, ಮತ್ತೆ ಬಡಿಯುತ್ತದೆ. ಕಣ್ಣು ರೆಪ್ಪೆ ಬಡಿಯುವುದಕ್ಕೂ ಮೊದಲೇ ಈ ಕುಣಿತ ಮುಗಿದುಹೋಗಿರುತ್ತದೆ. ನಮಗೆ ಅದು ಒಂದೇ ಒತ್ತು. ಆದರೆ ಈ ಪುಟಾಣಿ ಕಂಪ್ಯೂಟರ್ ಸೆಕೆಂಡಿಗೆ ಸಾವಿರಾರು ಸಲ ಇಣುಕಿ ನೋಡುತ್ತದೆ. ಅದಕ್ಕೆ ಪ್ರತಿ ಕುಣಿತವೂ ಒಂದು ಒತ್ತು. ಇದಕ್ಕೆ ಬೌನ್ಸ್ ಎನ್ನುತ್ತಾರೆ. ಫಿಸಿಕ್ಸ್ ಟೀಚರಿಗೆ ಇದು ಗೊತ್ತಿರಬೇಕಿತ್ತಲ್ಲ? ಗೊತ್ತಿತ್ತು. ಮೇಜಿನ ಮೇಲೆ ಎಂಟು ದಿನ ಪರೀಕ್ಷೆ ಮಾಡಿದ್ದು ಹೊಸ ಪುಟ್ಟ ಬಟನ್ನಿನಲ್ಲಿ. ಅದು ಹೆಚ್ಚು ಕುಣಿಯುತ್ತಿರಲಿಲ್ಲ. ಅಟ್ಟಣೆಗೆ ದೊಡ್ಡದೇ ಇರಲಿ ಎಂದು ಕೊನೇ ಗಳಿಗೆಯಲ್ಲಿ ನಮ್ಮ ಮನೆಯ ಹಳೇ ಕಾಲಿಂಗ್ ಬೆಲ್ಲಿನ ಸ್ವಿಚ್ ಹಾಕಿದ್ದೆ. ಅದರೊಳಗಿನ ತಗಡಿಗೆ ವಯಸ್ಸಾಗಿತ್ತು, ಕುಣಿಯುವ ಚಟ ಹೋಗಿರಲಿಲ್ಲ.

ಇನ್ನೂ ಕೆಟ್ಟದ್ದೊಂದಿದೆ. ನನ್ನ ಕೋಡಿನಲ್ಲಿ, ಅಂದರೆ ಆ ಕಂಪ್ಯೂಟರಿಗೆ ಬರೆದುಕೊಟ್ಟ ಆಜ್ಞೆಗಳಲ್ಲಿ, ‘ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಒತ್ತಿದರೆ ಹಸಿರು’ ಎಂದು ಬರೆದಿದ್ದೆ. ಅಂದರೆ ಗಾಬರಿಯಲ್ಲಿ ಯಾರಾದರೂ ಹತ್ತು ಸಲ ಒತ್ತಿದರೂ ‘ಹೊರಡಿ’! ಯಾವ ಬುದ್ಧಿವಂತೆ ಬರೆದದ್ದು ಇದನ್ನು?

ಮಧ್ಯಾಹ್ನ ಮತ್ತೆ ಗುಡ್ಡ ಹತ್ತಿದೆ. ಈ ಸಲ ಏದುಸಿರಿನ ಜೊತೆ ಒಂದು ಡಬ್ಬಿ ಚಕ್ಕುಲಿಯೂ ಇತ್ತು. “ದಾಸಣ್ಣ, ತಪ್ಪು ನಂದು. ನೀವು ಒಂದೇ ಒತ್ತಿದ್ದು,” ಎಂದೆ.

“ಅದನ್ನೇ ಅಲ್ವಾ ಅಮ್ಮಾ ನಾನು ಹೇಳಿದ್ದು,” ಎಂದರು ದಾಸಣ್ಣ. ಚಕ್ಕುಲಿ ತೆಗೆದುಕೊಂಡರು. ಇಷ್ಟು ಸುಲಭವಾಗಿ ನನ್ನನ್ನು ಯಾರೂ ಕ್ಷಮಿಸಿದ್ದಿಲ್ಲ.

ಇನ್ನು ರಿಪೇರಿ. ಬಟನ್ನಿಗೆ ಅಡ್ಡಲಾಗಿ ಒಂದು ಕೆಪಾಸಿಟರ್, ಅಂದರೆ ಕುಣಿತ ನುಂಗುವ ಪುಟ್ಟ ಬಿಡಿಭಾಗ, ಹಾಕಿಬಿಡಿ ಎಂದು ಕಾಲೇಜಿನ ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ತಪ್ಪೇನಿಲ್ಲ. ಆದರೆ ತಪ್ಪು ಮಾಡಿದ್ದು ನನ್ನ ಕೋಡು. ಸರಿಮಾಡಬೇಕಾದದ್ದೂ ಅದೇ ಎಂದು ಹಟ ಹಿಡಿದೆ.

ಮೊದಲು ಸೋಮಾರಿಯ ದಾರಿ. ಒಂದು ಒತ್ತು ಕಂಡ ಕೂಡಲೇ ಅರ್ಧ ಸೆಕೆಂಡ್ ಕಣ್ಣುಮುಚ್ಚಿ ಮಲಗು ಎಂದು ಬರೆದೆ. ಮಲಗಿತು. ಬೇಗ ಬೇಗ ಎರಡು ಸಲ ಒತ್ತಿದರೆ ಎರಡನೆಯದು ಅದಕ್ಕೆ ಗೊತ್ತೇ ಆಗಲಿಲ್ಲ. ಒತ್ತುವಾಗಿನ ಕುಣಿತಕ್ಕೆ ಮದ್ದು ಕೊಟ್ಟೆ ಅಂದುಕೊಂಡರೆ ಬೆರಳು ತೆಗೆಯುವಾಗಲೂ ತಗಡು ಕುಣಿಯುತ್ತದೆ. ಕೈಬಿಟ್ಟದ್ದನ್ನೂ ಹೊಸ ಒತ್ತು ಎಂದು ಎಣಿಸುತ್ತದೆ. ಎರಡು ದಿನ ಹೀಗೇ ಹೋಯಿತು. ಯಜಮಾನರು ಎರಡೂ ದಿನ ತಾವೇ ಅವಲಕ್ಕಿ ಕಲಸಿಕೊಂಡರು, ಪಾಪ.

ಮೂರನೆಯ ದಿನ ಅಡುಗೆಮನೆಯಲ್ಲಿದ್ದೆ. ಹೊರಗಿನಿಂದ ಯಾರೋ ಕರೆದ ಹಾಗಾಯಿತು. ಅಭ್ಯಾಸಬಲ, ಓಗೊಡಲಿಲ್ಲ. ಇನ್ನೊಂದು ಸಲ ಕರೆದ ಮೇಲೆ “ಓ” ಎಂದೆ. ಪೋಸ್ಟ್‌ಮ್ಯಾನ್.

ಯಾಕೆ ಓಗೊಡಲಿಲ್ಲ? ಮಡಿಕೇರಿಯ ಅಜ್ಜಿ ಕಲಿಸಿದ ಪಾಠ. “ಹೊಸ್ತಿಲಾಚೆಯಿಂದ ಯಾರಾದರೂ ಕರೆದರೆ ಒಂದೇ ಕೂಗಿಗೆ ಓಗೊಡಬೇಡ ಮಗಾ. ದೆವ್ವ ಒಂದೇ ಸಲ ಕರೆಯೋದು. ಮನುಷ್ಯರಾದರೆ ಮತ್ತೆ ಕರೀತಾರೆ.” ನೀವೂ ಕೇಳಿರುತ್ತೀರಿ. ನಿಮ್ಮ ಅಜ್ಜಿಯೂ ಹೇಳಿರುತ್ತಾರೆ. ಫಿಸಿಕ್ಸ್ ಓದಿದ ಮೇಲೆ ದೆವ್ವ ಹೋಯಿತು. ಅಭ್ಯಾಸ ಉಳಿಯಿತು.

ಕೈಯಲ್ಲಿ ಸೌಟು ಹಿಡಿದುಕೊಂಡೇ ಲ್ಯಾಪ್‌ಟಾಪಿನ ಮುಂದೆ ಹೋಗಿ ಕೂತೆ.

ಬಟನ್ ಒತ್ತಿದ ಹಾಗೆ ಕಂಡಿತೇ? ಕಾಣಲಿ. ಓಗೊಡಬೇಡ. ಹೊತ್ತು ಗುರುತು ಹಾಕಿಕೋ, ಮತ್ತೆ ನೋಡು. ಅಷ್ಟರಲ್ಲಿ ಅಲುಗಿತೇ? ಹಾಗಾದರೆ ಗಡಿಯಾರ ಮತ್ತೆ ಮೊದಲಿನಿಂದ. ಮೂವತ್ತು ಮಿಲಿಸೆಕೆಂಡ್, ಅಂದರೆ ಸೆಕೆಂಡಿನಲ್ಲಿ ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂವತ್ತು ಪಾಲು, ಅಲುಗದೆ ನಿಂತಿತೇ? ಹಾಗಾದರೆ ಅದು ಮನುಷ್ಯರ ಬೆರಳು. ಈಗ ‘ಓ’ ಅನ್ನು. ಬೆರಳು ತೆಗೆದಾಗಲೂ ಇದೇ ನಿಯಮ. ನಡುವೆ ಮಲಗುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಸುಮ್ಮನೆ ಆತುರಪಡುವುದಿಲ್ಲ, ಅಷ್ಟೆ. ಇದಕ್ಕೆ ಡಿಬೌನ್ಸಿಂಗ್ ಎಂಬ ದೊಡ್ಡ ಹೆಸರಿದೆ.

ಕಾಯುವ ಆ ಹೊತ್ತಿಗೆ ಕೋಡಿನಲ್ಲಿ ಒಂದು ಹೆಸರಿಡಬೇಕು. ‘ಅಜ್ಜಿ’ ಎಂದು ಇಟ್ಟೆ. ಅಜ್ಜಿ ಅಂದರೆ ಮೂವತ್ತು.

ಒತ್ತಿದೆ. ಒಂದು ಸಾಲು. ಮತ್ತೆ ಒತ್ತಿದೆ. ಒಂದು ಸಾಲು. ನೂರು ಸಲ ಒತ್ತಿದೆ, ಹೆಬ್ಬೆರಳು ಕೆಂಪಗಾಯಿತು. ಸರಿಯಾಗಿ ನೂರು ಸಾಲು! ನೂರಾ ಒಂದಲ್ಲ, ತೊಂಬತ್ತೊಂಬತ್ತಲ್ಲ. ಒಂದು ಹೊಸ ಬಿಡಿಭಾಗ ಹಾಕಿಲ್ಲ, ಒಂದು ತಂತಿ ಸೇರಿಸಿಲ್ಲ. ಬರೀ ಹನ್ನೆರಡು ಸಾಲು ಕೋಡು. ನನಗಾದ ಹೆಮ್ಮೆ ಹೇಳತೀರದು. ಯಜಮಾನರನ್ನು ಕರೆದು, ಕೂರಿಸಿ, ಮೊದಲಿನಿಂದ ಎಲ್ಲವನ್ನೂ ವಿವರಿಸಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ, “ಅನ್ನ ಸೀದ ವಾಸನೆ ಬರ್ತಿದೆ ಮಾರಾಯ್ತಿ,” ಎಂದರು.

ಸೀಯಲಿ ಬಿಡಿ!

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕುಣಿಯುವ ತಗಡು ಬಟನ್ನಿನೊಳಗೆ ಮಾತ್ರ ಇರುವುದೇ? ಮೊಬೈಲ್ ಟಣ್ ಅಂದ ಕೂಡಲೇ ನಾವು ಕೈ ಹಾಕುತ್ತೇವೆ. ಅರ್ಧ ವಿಡಿಯೊ ನೋಡಿ ಪೂರ್ತಿ ಊರಿಗೆ ಫಾರ್ವರ್ಡ್ ಮಾಡುತ್ತೇವೆ. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆಯ ಉತ್ತರ ಸಿದ್ಧ. (ಸೊಸೆಯಂದಿರು ನಗಬೇಡಿ, ನಿಮ್ಮದೂ ಅಷ್ಟೆ.) ದಾಸಣ್ಣನ ಮೇಲೆ ಗುಡ್ಡ ಹತ್ತಿ ಹೋದೆನಲ್ಲ ನಾನು, ಅದೂ ಮೊದಲ ಕೂಗಿಗೇ ಓಗೊಟ್ಟದ್ದು. ಮೂವತ್ತು ಮಿಲಿಸೆಕೆಂಡ್ ಸಾಲದು, ಮೂವತ್ತು ನಿಮಿಷ ತಡೆದಿದ್ದರೆ ಒಬ್ಬ ಹಿರಿಯರ ಮುಖ ಸಣ್ಣದಾಗುವುದು ತಪ್ಪುತ್ತಿತ್ತು. ಯಂತ್ರಕ್ಕೆ ಹನ್ನೆರಡು ಸಾಲಿನಲ್ಲಿ ಬುದ್ಧಿ ಕಲಿಸಿದೆ. ನನಗೆ ಐವತ್ತೆರಡು ವರ್ಷ ಸಾಲದಾಯಿತು.

ಇರಲಿ. ಬಟನ್ನನ್ನು ಮತ್ತೆ ಅಟ್ಟಣೆಗೆ ಸಿಕ್ಕಿಸಿದೆ. ದಾಸಣ್ಣನಿಗೂ ಎಲ್ಲ ವಿವರಿಸಿದೆ. ಬೌನ್ಸು, ತಗಡು, ಚಿಲಕ. ಕೊನೆಗೆ ಭಾರೀ ಜಂಬದಿಂದ, “ಇನ್ನು ಇದು ನಮ್ಮ ಅಜ್ಜಿ ಥರ ದಾಸಣ್ಣ. ಒಂದೇ ಕೂಗಿಗೆ ಓಗೊಡೋದೇ ಇಲ್ಲ!” ಎಂದೆ. ದಾಸಣ್ಣ ತಲೆ ಆಡಿಸಿದರು. ಅವರ ಮನೆಯಲ್ಲೂ ಅದೇ ಪಾಠವಂತೆ.

ತೋಟದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಸಾಯಂಕಾಲ ನಾಲ್ಕಕ್ಕೆ ಪರೀಕ್ಷೆ. ನಾನು ಕೆಳಗೆ ಲೈನಿನ ಹತ್ತಿರ ನಿಂತೆ. ದಾಸಣ್ಣ ಮೇಲೆ. ‘ಒಂಟಿ ಆನೆ ಬಂತು’ ಎಂಬ ಸುದ್ದಿ ಕೊಡಬೇಕು ಎಂದು ಮೊದಲೇ ಮಾತಾಗಿತ್ತು.

ದೀಪ ಎರಡೆರಡು ಸಲ ಮಿನುಗಿತು. ಹಿಂಡು!

ಮತ್ತೆ ಬೌನ್ಸೇ? ನೂರಕ್ಕೆ ನೂರು ಬಂದಿತ್ತಲ್ಲ! ಲ್ಯಾಪ್‌ಟಾಪ್ ಹೊತ್ತುಕೊಂಡು ಗುಡ್ಡ ಹತ್ತಿದೆ. ಸಿಕ್ಕಿಸಿ, ಬೋರ್ಡು ಗುರುತು ಹಾಕಿಕೊಂಡ ಹೊತ್ತು ನೋಡಿದರೆ ಎರಡು ಒತ್ತಿನ ನಡುವೆ ಸುಮಾರು ಅರ್ಧ ಸೆಕೆಂಡ್ ಅಂತರ. ತಗಡು ಅಷ್ಟು ಹೊತ್ತು ಕುಣಿಯುವುದಿಲ್ಲ. ಇದು ಬೆರಳೇ.

ಈ ಸಲ ಬೈಯಲಿಲ್ಲ. ಬುದ್ಧಿ ಬಂದಿತ್ತು. ಉಸಿರು ಹಿಡಿದು, ಮೆಲ್ಲಗೆ ಕೇಳಿದೆ: “ದಾಸಣ್ಣ, ಎಷ್ಟು ಸಲ ಒತ್ತಿದ್ರಿ?”

“ಎರಡು ಅಮ್ಮಾ.”

“ಒಂಟಿ ಆನೆಗೆ ಒಂದೇ ಅಲ್ವಾ?”

“ಅಲ್ಲ ಅಮ್ಮಾ, ನೀವೇ ಹೇಳಿದ್ದಲ್ವಾ ಒಂದೇ ಕೂಗಿಗೆ ಇದು ಓಗೊಡುದಿಲ್ಲ ಅಂತ? ಅದಕ್ಕೇ ಇನ್ನೊಂದು ಒತ್ತಿದೆ. ಮನುಷ್ಯರೇ ಒತ್ತಿದ್ದು ಅಂತ ಅದಕ್ಕೆ ಗೊತ್ತಾಗ್ಬೇಕಲ್ಲ!”

ನಾನು ಅಲ್ಲೇ ಬೇರಿನ ಮೇಲೆ ಕೂತುಬಿಟ್ಟೆ. ನಗು ತಡೆಯಲಾಗಲಿಲ್ಲ. ತಗಡಿನ ಕುಣಿತ ನಿಲ್ಲಿಸಿದವಳು ನನ್ನ ನಾಲಿಗೆಯ ಕುಣಿತ ನಿಲ್ಲಿಸಿರಲಿಲ್ಲ. ದಾಸಣ್ಣನೂ ನಕ್ಕರು. ನಕ್ಕು ಮುಗಿಸಿ ಒಂದು ಮಾತು ಹೇಳಿದರು. ಅದು ನನ್ನ ಹನ್ನೆರಡು ಸಾಲಿಗಿಂತ ದೊಡ್ಡದು.

“ಅಮ್ಮಾ, ಆನೆ ಕಂಡಾಗ ಎಣಿಸ್ಲಿಕ್ಕೆ ಹೇಳ್ಬೇಡಿ. ಹೆದರಿಕೆ ಅಲ್ಲ. ಕಣ್ಣು ಆನೆ ಮೇಲೆ ಇರ್ತದೆ, ಬೆರಳಿನ ಮೇಲೆ ಇರುದಿಲ್ಲ. ‘ಬಂತು’ ಅನ್ಲಿಕ್ಕೆ ಒಂದು ಒತ್ತಿದ್ರೂ ಹತ್ತು ಒತ್ತಿದ್ರೂ ‘ಬಂತು’ ಅಂತ್ಲೇ ಇರ್ಲಿ. ‘ಹೋಯ್ತು’ ಅನ್ನೋದು ಮಾತ್ರ ಸುಲಭದಲ್ಲಿ ಆಗ್ಬಾರ್ದು. ಅದಕ್ಕೆ ಬೇಕಾದ್ರೆ ಒತ್ತಿ ಹಿಡ್ಕೊಳ್ತೇನೆ. ಹತ್ತು ಎಣಿಸುವಷ್ಟು ಹೊತ್ತು. ಆಗ ಎಣಿಸ್ಲಿಕ್ಕೆ ಪುರುಸೊತ್ತು ಉಂಟಲ್ಲ.”

ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನು ಇಷ್ಟು ನೇರವಾಗಿ ಹೇಳಿಕೊಡುತ್ತಾರೆ, ಹೇಳಿ? ತಪ್ಪು ಆಗುವುದಾದರೆ ಕೆಂಪಿನ ಕಡೆ ಆಗಲಿ. ಹಸಿರಿನ ಕಡೆ ಆಗಬಾರದು. ಸುರಕ್ಷತೆಯ ಇಡೀ ಶಾಸ್ತ್ರ ಇರುವುದು ಇಷ್ಟರಲ್ಲೇ.

ಆದರೆ ಒಂಟಿ ಯಾವುದು, ಹಿಂಡು ಯಾವುದು ಎಂದು ಲೈನಿನವರಿಗೆ ತಿಳಿಯುವುದು ಹೇಗೆ? ನನ್ನ ಬುದ್ಧಿವಂತಿಕೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಇಳಿದು ಹೋಗಿ ಗೌರಿಯನ್ನು ಕೇಳಿದೆ. ಅವಳು ಮೊಣಕಾಲಿಗೆ ಅರಿಶಿನ ಹಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಒಂದಾದ್ರೆ ಎಂತ, ಹತ್ತಾದ್ರೆ ಎಂತ ಟೀಚರಮ್ಮಾ? ತುಳೀಲಿಕ್ಕೆ ಒಂದು ಸಾಕಲ್ವಾ?”

ಸಾಕು. ಧಾರಾಳವಾಗಿ ಸಾಕು. ಒಂಟಿ, ಹಿಂಡು ಎಂಬ ವಿವರ ಯಾರಿಗೂ ಬೇಕಿರಲಿಲ್ಲ. ಬೇಕಿದ್ದದ್ದು ನನ್ನೊಬ್ಬಳ ಜಂಬಕ್ಕೆ.

ಹೊಸದಾಗಿ ಬರೆದೆ. ಎಲ್ಲ ಸೇರಿ ನಲವತ್ತು ಸಾಲು. ಎಷ್ಟು ಸಲ ಒತ್ತಿದರೂ ಕೆಂಪು. ಹತ್ತು ಸೆಕೆಂಡ್ ಬಿಡದೆ ಒತ್ತಿ ಹಿಡಿದರೆ ಮಾತ್ರ ಹಸಿರು. ಅಜ್ಜಿಗೆ ಕೆಲಸ ಇಲ್ಲವಾಯಿತು ಅಂದುಕೊಳ್ಳಬೇಡಿ. ಮಳೆಹನಿ ಬಿದ್ದು, ಕೊಂಬೆ ತಾಗಿ ತಗಡು ಒಮ್ಮೆ ಮಿಣುಕ್ ಅಂದರೆ ಅದು ಒತ್ತಲ್ಲ ಎಂದು ಹೇಳುವವಳು ಅವಳೇ. ಹತ್ತು ಸೆಕೆಂಡ್ ಹಿಡಿದ ಹೆಬ್ಬೆರಳು ನಡುವೆ ಸ್ವಲ್ಪ ನಡುಗಿ ತಗಡು ಕ್ಷಣ ಬಿಟ್ಟರೆ, ಕೈಬಿಟ್ಟಿಲ್ಲ, ನಡುಗಿದ್ದು ಅಷ್ಟೆ ಎಂದು ಕಾಯುವವಳೂ ಅವಳೇ.

ಕೋಡು ಸರಿಯಾಯಿತು. ಗೌರಿ ಸರಿಯಾಗಲಿಲ್ಲ.

“ಸುಳ್ಳು ಹೇಳಿದ ಲೈಟು ಅದು. ನಾವು ಅದನ್ನು ನೋಡುದಿಲ್ಲ,” ಎಂದುಬಿಟ್ಟಳು. ಗೌರಿ ನೋಡದಿದ್ದರೆ ಉಳಿದ ಹತ್ತು ಜನರೂ ನೋಡುವುದಿಲ್ಲ. ಲೈನಿನಲ್ಲಿ ಅವಳ ಮಾತೇ ಮಾತು. ಒಂದು ವಾರ ಅವರೆಲ್ಲ ಮೊದಲಿನ ಹಾಗೆ ಕಿವಿ ಕೊಟ್ಟುಕೊಂಡು, ಮೂಸಿಕೊಂಡು, ದೇವರ ಮೇಲೆ ಭಾರ ಹಾಕಿ ಹೋದರು. ಅಟ್ಟಣೆಯಲ್ಲಿ ದಾಸಣ್ಣ ಒತ್ತುತ್ತಾರೆ. ಮರದ ತುದಿಯಲ್ಲಿ ದೀಪ ಸರಿಯಾಗಿ ಹೇಳುತ್ತದೆ. ಕೇಳುವವರಿಲ್ಲ. ನಂಬದ ದೀಪ ಇದ್ದರೆಷ್ಟು, ಬಿಟ್ಟರೆಷ್ಟು? ಪ್ರತಿ ಬೆಳಿಗ್ಗೆ ಅವರು ಹೊರಡುವ ಹೊತ್ತಿಗೆ ನಾನು ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದೆ. ಒಬ್ಬರಿಗೆ ಹೆಚ್ಚುಕಮ್ಮಿಯಾದರೆ? ಮೊದಲ ದಿನದ ನನ್ನ ಸುಳ್ಳೇ ಕಾರಣ ತಾನೆ?

ಒಂದು ಭಾನುವಾರ ಬಟನ್ನನ್ನೇ ಬಿಚ್ಚಿ ತಂದು ಗೌರಿಯ ಮುಂದೆ ಇಟ್ಟೆ. ಜೊತೆಗೆ ಪುಟ್ಟ ಕೆಂಪು ದೀಪ, ಪುಟ್ಟ ಹಸಿರು ದೀಪ. “ನೀನೇ ಸುಳ್ಳು ಹೇಳಿಸು ನೋಡುವ,” ಎಂದೆ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬೆರಳಲ್ಲಿ ಒತ್ತಿದಳು. ಮೊಣಕೈಯಲ್ಲಿ ಒತ್ತಿದಳು. ಒದ್ದೆ ಕೈಯಲ್ಲಿ ಒತ್ತಿದಳು. ಕತ್ತಿಯ ಹಿಡಿಯಲ್ಲಿ ಟಪಟಪ ಬಡಿದಳು. ಕೆಂಪು, ಕೆಂಪು, ಕೆಂಪು, ಕೆಂಪು. ಆಮೇಲೆ ಒತ್ತಿ ಹಿಡಿದು ಒಂದು, ಎರಡು ಎಂದು ಎಣಿಸತೊಡಗಿದಳು. ಎಂಟಕ್ಕೆ ಬೇಕೆಂದೇ ಕೈ ತೆಗೆದಳು. ಕೆಂಪೇ! ಹತ್ತರವರೆಗೆ ಹಿಡಿದಾಗ ಹಸಿರು ಬಂತು.

“ಪರವಾಗಿಲ್ಲ,” ಎಂದಳು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. “ಆದ್ರೆ ಜಗಲಿ ಬೇರೆ, ತೋಟ ಬೇರೆ. ನೋಡುವ.”

ಕಳೆದ ವಾರ ನೋಡಿದೆ.

ಕಾಲೇಜಿಗೆ ಹೊರಟವಳು ಲೈನಿನ ಹತ್ತಿರ ಸ್ಕೂಟರ್ ನಿಲ್ಲಿಸಿದೆ. ಏಳೂ ಮುಕ್ಕಾಲು. ಮರದ ತುದಿಯಲ್ಲಿ ಕೆಂಪು. ಕಾಡಿನಲ್ಲಿ ಸದ್ದಿಲ್ಲ, ಕೊಂಬೆ ಮುರಿದ ಶಬ್ದ ಇಲ್ಲ, ವಾಸನೆಯೂ ಇಲ್ಲ. ಹನ್ನೊಂದು ಹೆಂಗಸರೂ ಖಾಲಿ ಚೀಲ ಮಡಿಲಲ್ಲಿಟ್ಟುಕೊಂಡು ಮೋರಿಯ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದಾರೆ. ಎದುರಿಗೆ ಎಸ್ಟೇಟಿನ ರೈಟರ್, ಹಾಜರಿ ಪುಸ್ತಕ ಹಿಡಿದುಕೊಂಡು ಚಡಪಡಿಸುತ್ತಿದ್ದಾರೆ. (ಹೊರಗಿನವರಿಗೆ ಹೇಳುತ್ತೇನೆ: ಕೊಡಗಿನಲ್ಲಿ ರೈಟರ್ ಎಂದರೆ ಸಾಹಿತಿಯಲ್ಲ, ತೋಟದ ಗುಮಾಸ್ತ. ನಾನು ರೈಟರ್ ಎಂದು ಒಮ್ಮೆ ಬಸ್ಸಿನಲ್ಲಿ ಹೇಳಿಕೊಂಡಾಗ ‘ಯಾವ ಎಸ್ಟೇಟು?’ ಎಂದು ಕೇಳಿದ್ದರು.) ಅಷ್ಟರಲ್ಲಿ ಪೂವಯ್ಯನವರ ಜೀಪೂ ಬಂತು.

“ಎಂತ ಇದು, ಇನ್ನೂ ಹೊರಟಿಲ್ಲ? ಹಣ್ಣು ಉದುರ್ತಾ ಉಂಟು!”

“ಕೆಂಪು ಉಂಟು ಸಾವ್ಕಾರ್ರೇ,” ಎಂದಳು ಗೌರಿ. ಎದ್ದು ನಿಂತು ಮರ್ಯಾದೆಯಿಂದಲೇ ಹೇಳಿದಳು. ಹೇಳಿ ಮತ್ತೆ ಕೂತಳು.

“ಅರ್ಧ ಗಂಟೆ ಆಯ್ತು,” ಎಂದರು ರೈಟರ್. “ಒಂದು ಸದ್ದಿಲ್ಲ. ಆನೆ ಯಾವಾಗ್ಲೋ ಹೋಗಿರ್ತದೆ. ಆ ದಾಸ ಒತ್ಲಿಕ್ಕೆ ಮರೆತು ನಿದ್ದೆ ಮಾಡ್ತಿರ್ಬೇಕು.”

“ಮರೆತ್ರೆ ಮರೀಲಿ. ಅವನು ಮರೆತ್ರೂ ಕೆಂಪೇ ಇರ್ತದೆ, ನಿದ್ದೆ ಮಾಡಿದ್ರೂ ಕೆಂಪೇ ಇರ್ತದೆ. ಹಸಿರು ಬರ್ಬೇಕಾದ್ರೆ ಅವನು ಎದ್ದು ಕೂತು ಹತ್ತು ಎಣಿಸ್ಬೇಕು. ಅಲ್ವಾ ಟೀಚರಮ್ಮಾ?”

ನಾನು ತಲೆಯಾಡಿಸಿದೆ. ನನ್ನ ಕೋಡನ್ನು ನನ್ನ ಕ್ಲಾಸಿನ ಫಸ್ಟ್ ರ‍್ಯಾಂಕಿನವರೂ ಇಷ್ಟು ಚೆನ್ನಾಗಿ ಓದಿ ಹೇಳಿರಲಿಲ್ಲ. ಗೌರಿಗೆ ಓದಲು ಬರುವುದಿಲ್ಲ.

ಪೂವಯ್ಯನವರು ಮರದ ತುದಿ ನೋಡಿದರು, ಗಡಿಯಾರ ನೋಡಿದರು. ಸಿಟ್ಟು ಬಂದಿತ್ತು, ಆದರೆ ಕೆಟ್ಟ ಮನುಷ್ಯರಲ್ಲ. ಜೀಪಿನ ಬಾನೆಟ್ಟಿಗೆ ಒರಗಿ ನಿಂತರು. ರೈಟರ್ ಗೊಣಗಿಕೊಂಡು ಹಾಜರಿ ಪುಸ್ತಕ ಮುಚ್ಚಿದರು. ಕಾಲೇಜಿನ ಮೊದಲ ಪೀರಿಯಡ್ ತಪ್ಪಿತು. ನಾನೂ ಹೋಗಲಿಲ್ಲ.

ಎಂಟೂ ಹತ್ತಕ್ಕೆ ಅದು ಹೊರಗೆ ಬಂತು. ಕೆರೆಯ ತಿರುವಿನಿಂದ, ಕಾಫಿ ಗಿಡಗಳ ಮಧ್ಯದಿಂದ, ಒಂದು ಎಲೆಯ ಸದ್ದೂ ಇಲ್ಲದೆ. ಅದೇ ದಾರಿ, ಅದೇ ಸಲಗ. ಇಷ್ಟು ಹೊತ್ತೂ ಅಲ್ಲೇ ನಿಂತಿತ್ತು. ದಾರಿಯ ಮೇಲೆ ಒಂದು ಕ್ಷಣ ನಿಂತು, ಸೊಂಡಿಲೆತ್ತಿ ಗಾಳಿ ನೋಡಿ, ಮೆಲ್ಲಗೆ ಕಾಡಿನ ಕಡೆ ಇಳಿದುಹೋಯಿತು. ಕಟ್ಟೆಯ ಮೇಲಿದ್ದವರಲ್ಲಿ ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಪೂವಯ್ಯನವರು ಟೋಪಿ ತೆಗೆದರು. ರೈಟರ್ ಯಾರ ಮುಖವನ್ನೂ ನೋಡಲಿಲ್ಲ.

ಆನೆ ಕಣ್ಮರೆಯಾದರೂ ಯಾರೂ ಏಳಲಿಲ್ಲ. ನಾವೆಲ್ಲ ತಲೆಯೆತ್ತಿ ಸಿಲ್ವರ್ ಓಕಿನ ತುದಿ ನೋಡುತ್ತಾ ಕೂತೆವು. ಗೌರಿ ಬಾಯೊಳಗೇ ಎಣಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹಸಿರು ಬಂತು. ಅವಳು ಚೀಲ ಕೊಡವಿ ಎದ್ದಳು.

“ಹೂಂ, ಈಗ ನಡೀರಿ,” ಎಂದಳು.

ನನಗೆ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ಸಂಕೋಚವಿಲ್ಲ. ಸಾಹುಕಾರರ ಮಾತು ಕೇಳದೆ, ರೈಟರ್ ಮಾತು ಕೇಳದೆ, ತಮ್ಮ ಕಿವಿಯನ್ನೂ ನಂಬದೆ, ಹನ್ನೊಂದು ಜನ ನನ್ನ ನಲವತ್ತು ಸಾಲುಗಳನ್ನು ನಂಬಿ ಕೂತಿದ್ದರು.

ಹದಿನಾಲ್ಕು ವರ್ಷದಿಂದ ವಾರ ವಾರ ನಿಮಗೂ ಬರೆಯುತ್ತಿದ್ದೇನಲ್ಲ, ನನ್ನ ಒಂದು ಸಾಲು ನಂಬಿ ನೀವು ಯಾವತ್ತಾದರೂ ಅರ್ಧ ಗಂಟೆ ಕೂತಿದ್ದೀರಾ?